ಸಂತ ಜೂಡನ ಬುಟ್ಟಿ

ಮಿಸೆಸ್ ಹೆಗಾರ್ಟಿ ಐರ್ಲೆಂಡನ್ನು ನೋಡಿದ್ದು ಒಟ್ಟು ಹನ್ನೊಂದು ದಿನ, ಅದೂ ಪ್ರವಾಸಿ ಬಸ್ಸಿನ ಕಿಟಕಿಯಿಂದ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ. ಆದರೂ ಅವಳು ಬಾಯಿ ತೆರೆದರೆ ಮೊದಲ ಮಾತು 'ನಮ್ಮೂರಲ್ಲಿ' ಎಂದೇ ಬರಬೇಕು. ನಮ್ಮೂರಲ್ಲಿ ಬೆಣ್ಣೆ ಅಂದರೆ ಬೆಣ್ಣೆ. ನಮ್ಮೂರಲ್ಲಿ ಸತ್ತವರನ್ನು ಒಂಟಿಯಾಗಿ ಬಿಡುವುದಿಲ್ಲ. ನಮ್ಮೂರಲ್ಲಿ ತಾಯಿ ಅಂದರೆ ದೇವರು. ಹೀಗೆ ಹೇಳುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಆ ನೀರು ಇಳಿದು ಕೆನ್ನೆಯ ಪೌಡರು ಕೆಡುವ ಮೊದಲೇ ಕರವಸ್ತ್ರ ಒತ್ತಿಕೊಳ್ಳುವ ಅಭ್ಯಾಸವೂ ಅವಳಿಗಿತ್ತು.

ನಾವು ಅವಳ ಮನೆಯ ಕೆಳಭಾಗದಲ್ಲಿ, ಗ್ಯಾರೇಜಿನ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಸಮುದ್ರ ಹತ್ತಿರ, ವರ್ಷದಲ್ಲಿ ಎಂಟು ತಿಂಗಳು ಮಂಜು. ಒಗೆದ ಬಟ್ಟೆ ಎರಡು ದಿನವಾದರೂ ಒಣಗುತ್ತಿರಲಿಲ್ಲ. ನನ್ನ ಗಂಡ ಅನಂತಪದ್ಮನಾಭ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಮಗಳು ಶೈಲಜಾಗೆ ಆಗ ನಾಲ್ಕು ವರ್ಷ. ಮನೆ ಕೊಡುವ ಮೊದಲು ಮಿಸೆಸ್ ಹೆಗಾರ್ಟಿ ನಮ್ಮನ್ನು ಕೇಳಿದ್ದು ಎರಡೇ ಪ್ರಶ್ನೆ: ಎಣ್ಣೆಯಲ್ಲಿ ಕರಿಯುತ್ತೀರಾ, ನೆಂಟರು ಬರುತ್ತಾರಾ.

"ತಪ್ಪು ತಿಳಿಯಬೇಡಿ ಡಿಯರ್," ಎಂದಿದ್ದಳು. "ನಮ್ಮ ಹಿರಿಯರನ್ನು ಈ ದೇಶದಲ್ಲಿ ನಾಯಿಗಿಂತ ಕಡೆಯಾಗಿ ಕಂಡಿದ್ದರು. ಆ ನೋವು ಗೊತ್ತಿರೋದರಿಂದ ನಾನು ಯಾರಿಗೂ ಭೇದ ಮಾಡಲ್ಲ." ಅಷ್ಟು ಹೇಳಿ, ಚಪ್ಪಲಿಗಳನ್ನು ಗ್ಯಾರೇಜಿನ ಆಚೆ ಇಡಬೇಕೆಂದು ತೋರಿಸಿಕೊಟ್ಟಳು.

ಅವಳ ಗಂಡ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತನಾದವನು. ಟೀವಿಯ ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವ ಆಸಾಮಿಯಲ್ಲ. ಆ ಮನೆಯಲ್ಲಿ ನಿಜವಾಗಿ ಐರ್ಲೆಂಡಿನಿಂದ ಬಂದವರು ಇಬ್ಬರೇ. ಒಬ್ಬಳು ಅವನ ತಾಯಿ, ಎಂಬತ್ತೆಂಟರ ಹಾನೋರಾ. ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿ ಬಂದು, ಗುಡ್ಡದ ಮೇಲಿನ ಶ್ರೀಮಂತರ ಮನೆಗಳಲ್ಲಿ ಮೂವತ್ತು ವರ್ಷ ನೆಲ ಒರೆಸಿದವಳು. ಈಗ ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅವಳ ಬಾಯಲ್ಲಿ ಒಂದು ಸಲವೂ 'ನಮ್ಮೂರಲ್ಲಿ' ಎಂಬ ಮಾತನ್ನು ನಾನು ಕೇಳಲಿಲ್ಲ. ಇನ್ನೊಬ್ಬಳು ಅವಳನ್ನು ನೋಡಿಕೊಳ್ಳುತ್ತಿದ್ದ ಡಿಂಪ್ನಾ.

ಡಿಂಪ್ನಾಗೆ ಇಪ್ಪತ್ತಮೂರು. ಎರಡು ವಾರದ ಪ್ರವಾಸಕ್ಕೆಂದು ವೀಸಾ ಪಡೆದು ಬಂದು ಮೂರು ವರ್ಷವಾಗಿತ್ತು. ಆ ಊರಲ್ಲಿ ಹಾಗೆ ಬಂದು ಉಳಿದ ಹುಡುಗ ಹುಡುಗಿಯರು ನೂರಾರು ಜನ. ಹುಡುಗರು ಮರಗೆಲಸ, ಬಣ್ಣ ಹೊಡೆಯುವುದು. ಹುಡುಗಿಯರು ಮಕ್ಕಳನ್ನೋ ಮುದುಕರನ್ನೋ ನೋಡಿಕೊಳ್ಳುವುದು. ಡಿಂಪ್ನಾ ಮುದುಕಿಯ ಕೋಣೆಯಲ್ಲೇ ಮಡಚುವ ಮಂಚ ಹಾಕಿಕೊಂಡು ಮಲಗಬೇಕು, ಎರಡು ಗಂಟೆಗೊಮ್ಮೆ ಎದ್ದು ಮುದುಕಿಯ ಮಗ್ಗುಲು ತಿರುಗಿಸಬೇಕು. ಬಂದ ಅತಿಥಿಗಳಿಗೆಲ್ಲ ಮಿಸೆಸ್ ಹೆಗಾರ್ಟಿ ಅವಳನ್ನು "ನಮ್ಮ ಮನೆಮಗಳು" ಎಂದೇ ಪರಿಚಯಿಸುತ್ತಿದ್ದಳು. ಮನೆಮಗಳು ಊಟ ಮಾಡುತ್ತಿದ್ದುದು ಅಡುಗೆಮನೆಯಲ್ಲಿ, ನಿಂತುಕೊಂಡು.

ಭಾನುವಾರ ಚರ್ಚಿನಿಂದ ಬಂದ ಮೇಲೆ ಅರ್ಧ ದಿನ ಅವಳಿಗೆ ಬಿಡುವು. ಎಲ್ಲಿಗೂ ಹೋಗದೆ ನಮ್ಮ ಮನೆಗೆ ಇಳಿದು ಬರುತ್ತಿದ್ದಳು. ಟೀ ಕುಡಿದು ಶೈಲಜಾಳ ತಲೆ ಬಾಚುತ್ತಿದ್ದಳು. ನನ್ನ ಕೈಗೆ ಸಿಕ್ಕರೆ ಚೀರಾಡುವ ಹುಡುಗಿ ಅವಳ ಮುಂದೆ ಕಲ್ಲಿನಂತೆ ಕೂರುತ್ತಿದ್ದಳು. ನಾನು ಬಟ್ಟೆ ಮಡಚುತ್ತ, ಬೀನ್ಸಿನ ನಾರು ತೆಗೆಯುತ್ತ ಅವಳ ಮಾತು ಕೇಳುತ್ತಿದ್ದೆ.

ನನ್ನ ಗಂಡನಿಗೆ ಇದು ಹಿಡಿಸುತ್ತಿರಲಿಲ್ಲ. "ನಾವು ವೀಸಾದ ಒಂದೊಂದು ಸ್ಟ್ಯಾಂಪಿಗೂ ಕ್ಯೂ ನಿಂತು ಬಂದೋರು. ಇವರು ಹಾಲಿಡೇ ಅಂತ ಬಂದು ಸೆಟ್ಲಾಗಿಬಿಡ್ತಾರೆ. ಚರ್ಮ ಬಿಳಿ ನೋಡು, ಯಾವನೂ ಕೇಳಲ್ಲ."

"ರೀ, ಮೆಲ್ಲಗೆ. ಅವಳಿಗೆ ಕೇಳಿಸುತ್ತೆ."

"ಕನ್ನಡ ಬರುತ್ತಾ ಅವಳಿಗೆ?"

"ಮುಖ ನೋಡಿದ್ರೆ ಸಾಕು, ಎಲ್ಲರಿಗೂ ಗೊತ್ತಾಗುತ್ತೆ."

ಆ ವರ್ಷ, ಅಂದರೆ ಎಂಬತ್ತಾರರ ನವೆಂಬರಿನಲ್ಲಿ, ಡಿಂಪ್ನಾಳ ತಾಯಿಗೆ ಕಾಯಿಲೆ ಎಂದು ತಮ್ಮ ಫೋನು ಮಾಡಿದ. ಹೃದಯ ಸೋತಿದೆ, ಕಾಲು ಊದಿದೆ, ಬೇಸಿಗೆ ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಡಿಂಪ್ನಾ ಆರು ಮಕ್ಕಳಲ್ಲಿ ಹಿರಿಯಳು, ತಂದೆ ಇಲ್ಲ. ಕಿರಿಯ ನಾಲ್ವರ ಊಟ, ಸ್ಕೂಲು ಇವಳ ದುಡಿಮೆಯಿಂದಲೇ ನಡೆಯಬೇಕು. ಹೋದರೆ ತಾಯಿಯ ಮುಖ ನೋಡಬಹುದು; ಆದರೆ ಕಾಗದಪತ್ರವಿಲ್ಲದವಳು ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರುವಂತಿಲ್ಲ. ಹೋಗದಿದ್ದರೆ ತಾಯಿ ಇವಳನ್ನು ಕಾಣದೆಯೇ ಸಾಯುತ್ತಾಳೆ.

"ಅವಸರ ಮಾಡಬೇಡ ಮಗಳೇ," ಎಂದಳಂತೆ ಮಿಸೆಸ್ ಹೆಗಾರ್ಟಿ. "ಜನವರಿಯಲ್ಲಿ ವೀಸಾ ಬರುತ್ತೆ. ತಗೊಂಡು ಹೋಗಿ, ತಾಯಿ ಮುಖ ನೋಡಿ ವಾಪಸು ಬಾ. ಅಲ್ಲೀತನಕ ಹಾನೋರಾನ ನೋಡ್ಕೊಳ್ಳೋರು ಯಾರು?" ತಾಯಿ ಅಂದರೆ ದೇವರು, ನಿಜ. ಆದರೆ ಯಾರ ತಾಯಿ ಎಂಬುದು ಮುಖ್ಯ.

ಜನವರಿಯ ಮಾತು ಸುಳ್ಳಲ್ಲ. ಐರ್ಲೆಂಡೂ ಸೇರಿ ಕೆಲವು ದೇಶಗಳ ಜನರಿಗೆ ಸರ್ಕಾರ ಹತ್ತು ಸಾವಿರ ವೀಸಾ ಕೊಡುವುದಾಗಿ ಪ್ರಕಟಿಸಿತ್ತು. ದೊಡ್ಡ ಅರ್ಜಿಯೇನೂ ಬೇಡ. ಹೆಸರು, ವಿಳಾಸ ಬರೆದು ವಾಷಿಂಗ್ಟನ್ನಿನ ಒಂದು ಅಂಚೆ ಪೆಟ್ಟಿಗೆಗೆ ಕಳಿಸಿದರೆ ಸಾಕು. ಜನವರಿ ಇಪ್ಪತ್ತೊಂದಕ್ಕೆ ಮೊದಲು ತಲುಪಿದ ಕಾಗದ ಕಸದ ಬುಟ್ಟಿಗೆ. ಅಂದಿನಿಂದ ಯಾರ ಕಾಗದ ಮೊದಲು ತಲುಪುತ್ತದೋ ಅವರಿಗೆ ವೀಸಾ. ಹತ್ತು ಸಾವಿರ ತುಂಬಿದರೆ ಮುಗಿಯಿತು.

ಮಿಸೆಸ್ ಹೆಗಾರ್ಟಿ ಐರ್ಲೆಂಡಿನ ತಮ್ಮ ಜಿಲ್ಲೆಯವರ ಸಂಘದ ಅಧ್ಯಕ್ಷೆ. ಅಧ್ಯಕ್ಷೆಯಾದವಳಿಗೆ ಇಂಥ ಸಮಯದಲ್ಲಿ ಸುಮ್ಮನಿರಲು ಬರುವುದಿಲ್ಲ. ನಮ್ಮ ಕನ್ನಡ ಕೂಟದಲ್ಲೂ ನೋಡಿದ್ದೇನೆ, ಉಗಾದಿಯ ಒಬ್ಬಟ್ಟು ಹಂಚುವುದಕ್ಕೂ ಒಂದು ಸಮಿತಿ, ಒಂದು ಭಾಷಣ. ಇವಳು ಊರಲ್ಲಿದ್ದ ಹುಡುಗ ಹುಡುಗಿಯರ ಲಕೋಟೆಗಳನ್ನೆಲ್ಲ ತಾನೇ ತರಿಸಿಕೊಂಡಳು. ಇನ್ನೂರ ಹದಿನಾಲ್ಕು. ಬ್ರೆಡ್ಡಿಡುವ ದೊಡ್ಡ ಬೆತ್ತದ ಬುಟ್ಟಿಗೆ ಹಸಿರು ರಿಬ್ಬನ್ನು ಕಟ್ಟಿ, ಲಕೋಟೆಗಳನ್ನು ಅದರಲ್ಲಿ ತುಂಬಿ, ಮೂರು ಬೀದಿ ಆಚೆಯ ಚರ್ಚಿನಲ್ಲಿ ಸಂತ ಜೂಡನ ಪಾದದಡಿ ಇಟ್ಟಳು. ಎಲ್ಲ ದಾರಿ ಮುಚ್ಚಿದವರಿಗೆ ಈ ಸಂತನೇ ದಿಕ್ಕಂತೆ. ಒಂಬತ್ತು ದಿನದ ನೊವೇನ. ದಿನಾ ಸಂಜೆ ಪ್ರಾರ್ಥನೆ, ಹತ್ತನೆಯ ದಿನ ಅಂಚೆ.

ಗುರುವಾರ ಹದಿನೈದಕ್ಕೆ ಶುರು. ನಾನು ಅಕ್ಕಿ ಆರಿಸುತ್ತ ಬೆರಳು ಮಡಚಿದೆ. ಒಂಬತ್ತನೆಯ ದಿನ ಇಪ್ಪತ್ತಮೂರು. ಇಲ್ಲಿಂದ ವಾಷಿಂಗ್ಟನ್ನಿಗೆ ಅಂಚೆ ಮೂರು ದಿನ. ಇಪ್ಪತ್ತೊಂದರ ಬೆಳಿಗ್ಗೆಯೇ ಲಕ್ಷಗಟ್ಟಲೆ ಕಾಗದ ಬೀಳುವ ಕಡೆ ಇವರದು ಇಪ್ಪತ್ತಾರಕ್ಕೋ ಇಪ್ಪತ್ತೇಳಕ್ಕೋ ಹೋಗಿ ಬಿದ್ದು ಏನು ಪ್ರಯೋಜನ? ಕೈ ಒರೆಸಿಕೊಂಡು ಮೇಲೆ ಹೋದೆ. ವೀಸಾದ ಸುದ್ದಿಯಿದ್ದ ಪೇಪರಿನ ತುಂಡನ್ನೂ ಒಯ್ದಿದ್ದೆ.

ಮಿಸೆಸ್ ಹೆಗಾರ್ಟಿ ಪೇಪರನ್ನು ಓದಲಿಲ್ಲ. ನನ್ನ ಕೈಯ ಮೇಲೆ ಕೈಯಿಟ್ಟಳು.

"ನಿಮಗೆ ಎಷ್ಟೊಂದು ದೇವರು ಇದಾರಲ್ಲ ಡಿಯರ್, ಒಬ್ಬ ಕೇಳದಿದ್ರೆ ಇನ್ನೊಬ್ಬನ ಹತ್ರ ಹೋಗಬಹುದು. ನಮ್ಮಲ್ಲಿ ಹಾಗಲ್ಲ. ಒಂಬತ್ತು ಅಂದ್ರೆ ಒಂಬತ್ತು. ಅರ್ಧಕ್ಕೆ ಬಿಟ್ಟ ನೊವೇನ ಮಾಡದಿದ್ದ ನೊವೇನಕ್ಕಿಂತ ಕೆಟ್ಟದ್ದು."

"ಇನ್ನೂ ಒಂದು ವಾರ ಮೊದಲೇ ಶುರು ಮಾಡಬಹುದಿತ್ತಲ್ಲ?"

"ಆ ವಾರ ಚರ್ಚಿನ ಹಾಲ್ ಸಿಗಲಿಲ್ಲ," ಎಂದಳು. ಪ್ರಾರ್ಥನೆಯ ನಂತರದ ಕೇಕು ಕಾಫಿಗೆ ಚರ್ಚಿನ ಹಿಂದಿನ ಸಭಾಂಗಣ ಬೇಕಿತ್ತು. ಕೇಕಿಲ್ಲದೆ ಸಂತನಾದರೂ ಹೇಗೆ ಒಲಿದಾನು?

ಒಳಗಿನ ಕೋಣೆಯಿಂದ ಮುದುಕಿ ಕೂಗಿದಳು. "ಏ ಕೆಳಗಿನ ಮನೆಯವಳೇ! ಬಾ ಇಲ್ಲಿ." ಹೋದೆ. ಡಿಂಪ್ನಾ ಅವಳಿಗೆ ಗಂಜಿ ಕುಡಿಸುತ್ತಿದ್ದಳು. "ಆ ಜೂಡನಿಗೆ ಅಂಚೆ ವಿಷಯ ಏನು ಗೊತ್ತು?" ಎಂದಳು ಮುದುಕಿ. "ಇವಳು ಬುಟ್ಟಿಗೆ ರಿಬ್ಬನ್ನು ಕಟ್ಟೋಕೆ ಹುಟ್ಟಿದವಳು. ನನ್ನ ಮಗ ಹಂಗೇ ಕಟ್ಟಿಸ್ಕೊಂಡ. ಈ ಹುಡುಗಿಗೆ ಬುದ್ಧಿ ಹೇಳು. ನನ್ನಮ್ಮ ಸತ್ತಾಗ ನಾನು ಯಾರದೋ ಮನೆ ಬೆಳ್ಳಿ ಚಮಚ ಉಜ್ಜುತಾ ಇದ್ದೆ. ಕಾಗದ ಬಂದದ್ದು ಐದು ವಾರ ಕಳೆದ ಮೇಲೆ."

ಡಿಂಪ್ನಾ ಚಮಚ ಹಿಡಿದುಕೊಂಡೇ ಅಳುತ್ತಿದ್ದಳು. ಗಂಜಿ ಚೆಲ್ಲದಂತೆ ಅಳುವುದು ಅವಳಿಗೆ ಅಭ್ಯಾಸವಾಗಿತ್ತು.

ಭಾನುವಾರ ಅವಳು ಬಂದಾಗ ನಾನು ಹಾಳೆ, ಲಕೋಟೆ ತಯಾರಿಟ್ಟಿದ್ದೆ. ನನ್ನ ಗಂಡನ ಆಫೀಸಿನ ಜಯರಾಮ್, ಹಾಸನದ ಕಡೆಯವರು, ಮೀಟಿಂಗಿಗೆಂದು ಸೋಮವಾರ ರಾತ್ರಿಯ ವಿಮಾನಕ್ಕೆ ವಾಷಿಂಗ್ಟನ್ನಿಗೆ ಹೋಗುವವರಿದ್ದರು. ಮಂಗಳವಾರ ಸಂಜೆ ಅಲ್ಲಿಯದೇ ಡಬ್ಬಕ್ಕೆ ಹಾಕಿದರೆ ಬುಧವಾರ ಇಪ್ಪತ್ತೊಂದಕ್ಕೆ ತಲುಪುತ್ತದೆ.

"ಇನ್ನೊಂದು ಬರಿ," ಎಂದೆ. "ಎಷ್ಟು ಬೇಕಾದ್ರೂ ಕಳಿಸಬಹುದಂತೆ. ಅದು ಅಲ್ಲೇ ಇರಲಿ."

ಡಿಂಪ್ನಾ ಪೆನ್ನು ಮುಟ್ಟಲಿಲ್ಲ. "ಒಂದು ಸಂತನ ಕಾಲಡಿ, ಇನ್ನೊಂದು ಅವನ ಬೆನ್ನ ಹಿಂದೆ? ಅವನೇನು ದಡ್ಡನಾ ವೇದಾ? ಅಮ್ಮನ ಜೀವ ಅವನ ಕೈಲಿ ಇಟ್ಟು ಅವನಿಗೇ ಮೋಸ ಮಾಡ್ಲಾ?"

ನನಗೆ ರೇಗಿತು. ಇಪ್ಪತ್ತಮೂರು ವರ್ಷದ ಹುಡುಗಿ, ಪೊಲೀಸರ ಕಣ್ಣು ತಪ್ಪಿಸಿ ಮೂರು ವರ್ಷ ಬದುಕಿದವಳು, ಸುಣ್ಣದ ಗೊಂಬೆಗೆ ಹೆದರುತ್ತಿದ್ದಾಳೆ. ಆದರೆ ಬಯ್ಯಲು ಬಾಯಿ ಬರಲಿಲ್ಲ. ಶೈಲಜಾ ಹೊಟ್ಟೆಯಲ್ಲಿದ್ದಾಗ ಹದಿನಾರು ಸೋಮವಾರ ಉಪವಾಸವಿದ್ದವಳು ನಾನು. ಹದಿಮೂರನೆಯ ವಾರ ತಲೆಸುತ್ತಿ ಬಿದ್ದಾಗ ಡಾಕ್ಟರು ತಿನ್ನು ಎಂದರೂ ತಿಂದಿರಲಿಲ್ಲ.

"ಹಾಗಾದ್ರೆ ಅಲ್ಲಿರೋದನ್ನೇ ತಗೊಂಡು ಬಾ," ಎಂದೆ. "ಇವತ್ತಿಗೆ ನಾಲ್ಕು ದಿನ ಪ್ರಾರ್ಥನೆ ಆಗುತ್ತಲ್ಲ. ಸಂತನಿಗೆ ಗುರುತು ಸಿಕ್ಕಿರುತ್ತೆ."

ಇದು ಅವಳಿಗೆ ಹಿಡಿಸಿತು. ಬಹಳ ಹೊತ್ತು ಯೋಚಿಸಿದಳು. ಶೈಲಜಾಳ ಜಡೆಯನ್ನು ಹಾಕಿ ಬಿಚ್ಚಿ ಮತ್ತೆ ಹಾಕಿದಳು.

"ನಾನು ತೆಗೆದ್ರೆ ವ್ರತ ಮುರಿದ ಹಾಗೆ," ಎಂದಳು ಕೊನೆಗೆ. "ನೀವು ತೆಗೀಬಹುದು. ನೀವು ನಮ್ಮವರಲ್ಲ. ನಿಮಗೆ ಪಾಪ ಅಂಟಲ್ಲ."

ನನ್ನ ಗಂಡನಿಗೆ ಹೇಳಿದಾಗ ಅವರು ಅನ್ನ ಕಲೆಸುವುದನ್ನು ನಿಲ್ಲಿಸಿದರು. "ಚರ್ಚಿನಲ್ಲಿ ಕದಿಯೋಕೆ ಹೋಗ್ತೀಯಾ? ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದೀವಿ, ನೆನಪಿದೆಯಾ? ಆ ಬಿಳಿ ಹುಡುಗಿಗೋಸ್ಕರ!"

"ಅವಳದೇ ಕಾಗದ ರೀ. ಅವಳಿಗೆ ತಂದುಕೊಡೋದು ಕಳ್ಳತನ ಹೇಗಾಗುತ್ತೆ?"

"ಹೇಗಾದ್ರೂ ಸಾಯಿ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಜಯರಾಮ್‌ಗೆ ಐದು ಗಂಟೆಗೆ ಮನೆ ಹತ್ರ ಬರೋಕೆ ಹೇಳಿರ್ತೀನಿ," ಎಂದರು.

ಸೋಮವಾರ ಮಧ್ಯಾಹ್ನ ಎರಡಕ್ಕೆ ಹೋದೆ. ಸೀರೆಯ ಮೇಲೆ ಗಂಡನ ಜಾಕೆಟ್ಟು, ಕಾಲಿಗೆ ಕ್ಯಾನ್ವಾಸು ಶೂ, ಕೈಯಲ್ಲಿ ಶೈಲಜಾ. ಚರ್ಚಿನಲ್ಲಿ ಇಬ್ಬರು ಮುದುಕಿಯರು ಜಪಸರ ಹಿಡಿದು ಕೂತಿದ್ದರು. ಒಬ್ಬಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಪ್ರಾರ್ಥನೆಗಾ?" ಎಂದಳು. ಹೌದು ಎಂದೆ. ಸಂತ ಜೂಡನ ಮುಂದೆ ನಿಂತು ಕೈ ಮುಗಿದೆ. ಹಸಿರು ಮೇಲುಹೊದಿಕೆ, ತಲೆಯ ಮೇಲೊಂದು ಬೆಂಕಿಯ ನಾಲಗೆ, ಯಾರ ಮೇಲೂ ಸಿಟ್ಟಿಲ್ಲದ ಮುಖ. ಅವನ ಮೇಲೆ ನನಗೂ ಸಿಟ್ಟಿರಲಿಲ್ಲ. ಪಾಪ, ಅವನೇನು ಬುಟ್ಟಿ ಕೇಳಿದ್ದನೇ?

ಮೊಣಕಾಲೂರಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡೆ. ಡಿಂಪ್ನಾಳ ಗುಂಡು ಅಕ್ಷರ ಹುಡುಕಬೇಕಾಗಿತ್ತು. ಒಂದೊಂದೇ ಲಕೋಟೆ ಸರಿಸುತ್ತ ಹೋದೆ. ಬೇಡವೆಂದರೂ ಹೆಸರುಗಳು ಕಣ್ಣಿಗೆ ಬಿದ್ದವು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು. ಒಬ್ಬಳು ಲಕೋಟೆಯ ಮೂಲೆಯಲ್ಲಿ ಪುಟ್ಟ ಶಿಲುಬೆ ಬರೆದಿದ್ದಳು. ಮಾಲಕಿ ಪ್ರಂಟಿ ಎಂಬ ಹುಡುಗನದೂ ಇತ್ತು, ಇವನು ನನಗೆ ಗೊತ್ತು. ಬಡಗಿ. ನಮ್ಮ ಬಾಗಿಲು ಮಳೆಗೆ ಉಬ್ಬಿ ಮುಚ್ಚದೆ ಇದ್ದಾಗ ಬಂದು ಉಜ್ಜಿ ಸರಿಮಾಡಿಕೊಟ್ಟು, ದುಡ್ಡು ಬೇಡವೆಂದು ಎರಡು ದೋಸೆ ತಿಂದು ಹೋಗಿದ್ದ. ಮೂರನೆಯದನ್ನು ಹಾಕಹೋದರೆ ನಾಚಿಕೊಂಡಿದ್ದ.

"ಅಮ್ಮಾ, ವಾಟ್ ಆರ್ ಯು ಟೇಕಿಂಗ್?" ಎಂದಳು ಶೈಲಜಾ. ಆ ಗುಮ್ಮಟದಲ್ಲಿ ಅವಳ ದನಿ ಗಂಟೆಯಂತೆ ಮೊಳಗಿತು.

"ಡಿಂಪಿಯ ಕಾಗದ ಕಣೇ. ಸುಮ್ನಿರು."

ಸಿಕ್ಕಿತು. ಜಾಕೆಟ್ಟಿನೊಳಗೆ ಸೇರಿಸಿದೆ. ಉಳಿದವನ್ನು ಮೊದಲಿದ್ದಂತೆ ಜೋಡಿಸಿ, ರಿಬ್ಬನ್ನಿನ ಗಂಟನ್ನೂ ಸರಿಮಾಡಿ, ಬುಟ್ಟಿಯನ್ನು ಸಂತನ ಪಾದದಡಿಗೆ ತಳ್ಳಿದೆ. ಹೊರಗೆ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಇಡೀ ಸಂಘದಲ್ಲಿ ತಲೆಯಿದ್ದವಳು ನಾನೊಬ್ಬಳೇ ಎನ್ನಿಸಿತ್ತು.

ಐದಕ್ಕೆ ಜಯರಾಮ್ ಕಾರು ನಿಲ್ಲಿಸಿ ಬಾಗಿಲಿಗೇ ಬಂದರು. ಲಕೋಟೆಯನ್ನು ತಿರುಗಿಸಿ ನೋಡಿದರು.

"ಇಷ್ಟೇನಾ ಮೇಡಂ? ಆ ಹುಡುಗರದೆಲ್ಲ ಇನ್ನೂರು ಚಿಲ್ಲರೆ ಇದೆ ಅಂದಿದ್ರು ನಿಮ್ ಯಜಮಾನ್ರು. ಸೂಟ್‌ಕೇಸು ಅರ್ಧ ಖಾಲಿ ಇಟ್ಕೊಂಡು ಬಂದಿದೀನಿ."

"ಇಷ್ಟೇ," ಎಂದೆ.

"ಬೇಕಿದ್ರೆ ಕಾಯ್ತೀನಿ. ಫ್ಲೈಟು ಒಂಬತ್ತೂವರೆಗೆ."

"ಬೇಡ. ಸುಮ್ನೆ ನಿಮಗೆ ತೊಂದರೆ," ಎಂದೆ. ಚರ್ಚಿನ ಬಾಗಿಲು ತೆರೆದೇ ಇತ್ತು, ಸಂಜೆಯ ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಕಾರಿನಲ್ಲಿ ಎರಡು ನಿಮಿಷದ ದಾರಿ. ನಾನು ಒಳಗೆ ಹೋಗಿ ಕುಕ್ಕರು ಇಟ್ಟೆ.

ಶುಕ್ರವಾರ ನೊವೇನ ಮುಗಿಯಿತು. ಕೇಕು ಚೆನ್ನಾಗಿತ್ತಂತೆ. ಶನಿವಾರ ಮಿಸೆಸ್ ಹೆಗಾರ್ಟಿ ಲಕೋಟೆಗಳನ್ನು ಎಣಿಸದೆಯೇ ಚೀಲಕ್ಕೆ ಸುರಿದುಕೊಂಡು ಅಂಚೆಗೆ ಹಾಕಿ ಬಂದಳು.

ಮಾರ್ಚ್ ಮೊದಲ ವಾರ ಡಿಂಪ್ನಾ ಹೆಸರಿಗೆ ಸರ್ಕಾರದ ಕಾಗದ ಬಂತು. ಐರ್ಲೆಂಡಿನ ಡಬ್ಲಿನ್ನಿನಲ್ಲಿ ಇಪ್ಪತ್ತನಾಲ್ಕಕ್ಕೆ ಸಂದರ್ಶನ. ಅಮೆರಿಕದಲ್ಲಿ ಕೆಲಸ ಕೊಡುವವರಿಂದ ಒಂದು ಪತ್ರ ತರಬೇಕು. ತಾಯಿ ಇನ್ನೂ ಇದ್ದಳು, ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳಂತೆ. ಮಿಕ್ಕ ಇನ್ನೂರ ಹದಿಮೂರು ಜನರಲ್ಲಿ ಒಬ್ಬರಿಗೂ ಏನೂ ಬರಲಿಲ್ಲ.

ಮಿಸೆಸ್ ಹೆಗಾರ್ಟಿಗೆ ಇದು ಸೋಲಾಗಿ ಕಾಣಲಿಲ್ಲ, ಪವಾಡವಾಗಿ ಕಂಡಿತು. ಅದೂ ತನ್ನ ಮನೆಯಲ್ಲೇ! ಸಂತ ಪ್ಯಾಟ್ರಿಕ್ಕನ ಹಬ್ಬದ ದಿನ, ಹದಿನೇಳಕ್ಕೆ, ಸಂಘದ ಭೋಜನ. ಡಿಂಪ್ನಾ ವೇದಿಕೆ ಹತ್ತಿ ನಾಲ್ಕು ಮಾತು ಹೇಳಬೇಕು. "ಅದು ಮುಗೀಲಿ, ಕೆಲಸದ ಪತ್ರ ಬರೆದುಕೊಡ್ತೀನಿ," ಎಂದಳು. ಹತ್ತೊಂಬತ್ತಕ್ಕೆ ವಿಮಾನ. ಪತ್ರ ಮಾತ್ರ ಹದಿನೇಳರ ರಾತ್ರಿಯವರೆಗೆ ಮಿಸೆಸ್ ಹೆಗಾರ್ಟಿಯ ಕೈಚೀಲದಲ್ಲಿ.

"ಹೇಳಿಬಿಡು," ಎಂದೆ ಡಿಂಪ್ನಾಗೆ. "ಸಂತ ಕೊಟ್ಟ ಅಂತ ಹೇಳಿ ಕೆಳಗಿಳಿ. ನಿನಗೆ ಬೇಕಾದ್ದು ಪತ್ರ, ಅಮ್ಮನ ಮುಖ. ಅವಳ ನಾಟಕದಿಂದ ನಿನಗೇನು?"

ಅವಳು ತಲೆಯಾಡಿಸಿದಳು.

ಮಿಸೆಸ್ ಹೆಗಾರ್ಟಿ ನಮ್ಮನ್ನೂ ಊಟಕ್ಕೆ ಕರೆದಿದ್ದಳು. ಭೇದ ಮಾಡದವಳು ಎಂದು ಜನ ನೋಡಬೇಕಲ್ಲ. ಸಭಾಂಗಣದ ತುಂಬ ಕಾಗದದ ಹಸಿರು ಎಲೆಗಳು, ಐರ್ಲೆಂಡಿನ ಬಣ್ಣ. ಮುಂದಿನ ಮೇಜುಗಳಲ್ಲಿ ಇಲ್ಲೇ ಹುಟ್ಟಿದವರು, ಹಸಿರು ಟೈ, ಹಸಿರು ಟೋಪಿ. ಹಿಂದಿನ ಮೇಜುಗಳಲ್ಲಿ ಅಲ್ಲಿಂದ ಬಂದ ಹುಡುಗ ಹುಡುಗಿಯರು; ಅವರ ಮೈಮೇಲೆ ಹಸಿರು ಇರಲಿಲ್ಲ. ಉಪ್ಪು ಹಾಕಿ ಬೇಯಿಸಿದ ದನದ ಮಾಂಸ, ಎಲೆಕೋಸು. ನಾವು ಮೂವರೂ ಬೆಂದ ಆಲೂಗಡ್ಡೆ ತಿಂದೆವು. ಯಾರೋ ಒಬ್ಬ ದಪ್ಪನೆಯವನು ತಾಯ್ನಾಡನ್ನು ಬಿಟ್ಟು ಬಂದ ದುಃಖವನ್ನು ಹಾಡಿದ. ಅವನು ಹುಟ್ಟಿದ್ದು ಇಲ್ಲೇ ಪಕ್ಕದ ರೆಡ್‌ವುಡ್ ಸಿಟಿಯಲ್ಲಿ.

ಮಿಸೆಸ್ ಹೆಗಾರ್ಟಿ ಮೈಕು ಹಿಡಿದಳು. ಸಂತ ಜೂಡನನ್ನು ಹೊಗಳಿದಳು, ನಮ್ಮೂರನ್ನು ಹೊಗಳಿದಳು, ಕರವಸ್ತ್ರ ಒತ್ತಿಕೊಂಡಳು. ಆಮೇಲೆ ಹಿಂದಿನ ಮೇಜುಗಳ ಕಡೆ ತಿರುಗಿದಳು.

"ಬೇಜಾರು ಮಾಡ್ಕೋಬೇಡಿ ಮಕ್ಕಳೇ. ಆದರೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ಒಂಬತ್ತು ಸಂಜೆಯಲ್ಲಿ ಎಷ್ಟು ಸಂಜೆ ಬಂದ್ರಿ? ಎಷ್ಟು ಸಂಜೆ ಬಾರಿನಲ್ಲಿದ್ರಿ? ಸಂತ ಎಲ್ಲ ನೋಡ್ತಿರ್ತಾನೆ. ಯಾರ ಹೃದಯ ಶುದ್ಧವೋ ಅವರಿಗೆ ಕೊಟ್ಟ. ಬಾ ಡಿಂಪ್ನಾ."

ಡಿಂಪ್ನಾ ಹತ್ತಿದಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುವಂತೆ ಸ್ಕರ್ಟಿಗೆ ಒರೆಸಿಕೊಂಡಳು. ಹಿಂದಿನ ಮೇಜಿನಿಂದ ಯಾರೋ "ನನಗೂ ಒಂದು ಮಾತು ಹೇಳಬಾರದಿತ್ತಾ ನಿನ್ನ ಜೂಡನಿಗೆ!" ಎಂದರು. ಎಲ್ಲ ನಕ್ಕರು. ಅಸೂಯೆಯಿಲ್ಲದ ನಗು. ಆ ನಗು ನಿಲ್ಲುವವರೆಗೆ ಅವಳು ಕಾದಳು.

"ನನ್ನ ಹೃದಯ ಶುದ್ಧ ಇಲ್ಲ," ಎಂದಳು. "ಅದಕ್ಕೂ ಇದಕ್ಕೂ ಸಂಬಂಧಾನೂ ಇಲ್ಲ. ನನ್ನ ಕಾಗದ ಬುಟ್ಟಿಯಲ್ಲಿ ಐದನೇ ದಿನದ ತನಕ ಮಾತ್ರ ಇತ್ತು. ಅದನ್ನ ತೆಗೆಸಿ ವಾಷಿಂಗ್ಟನ್ನಲ್ಲೇ ಅಂಚೆಗೆ ಹಾಕಿಸಿದೆ. ಇಪ್ಪತ್ತೊಂದಕ್ಕೆ ತಲುಪ್ತು. ನಿಮ್ಮದೆಲ್ಲ ಆಗಿನ್ನೂ ಬುಟ್ಟಿಯಲ್ಲಿತ್ತು. ನೀವು ಬಾರಿಗೆ ಹೋದದ್ದರಿಂದಲ್ಲ."

ಮಿಸೆಸ್ ಹೆಗಾರ್ಟಿಯ ಮುಖದ ಪೌಡರಿನಡಿ ಕೆಂಪು ಏರಿತು. "ಯಾರು? ಸಂತನ ಬುಟ್ಟಿಗೆ ಯಾರು ಕೈ ಹಾಕಿದ್ದು?"

ಡಿಂಪ್ನಾ ಹೇಳಲಿಲ್ಲ. ಆದರೆ ಅವಳ ಕಣ್ಣು ನನ್ನ ಕಡೆ ಬಂದುಬಿಟ್ಟಿತ್ತು. ನಾನೇ ಎದ್ದು ನಿಂತೆ. ಮಿಸೆಸ್ ಹೆಗಾರ್ಟಿಗೆ ಹೇಳಲು ಎರಡು ತಿಂಗಳಿನಿಂದ ಮನಸ್ಸಿನಲ್ಲೇ ಮಾತು ಕೂಡಿಸಿಟ್ಟಿದ್ದೆ. ಒಳ್ಳೆಯ ಮಾತುಗಳು. ಒಂದೊಂದೂ ಚುಚ್ಚುವಂಥವು.

"ನಾನು," ಎಂದೆ. "ನಿಮಗೆ ಪೇಪರು ತೋರಿಸಿ ಹೇಳಿದ್ದೆ. ನೀವು ಕೇಳಲಿಲ್ಲ."

ಅಷ್ಟರಲ್ಲಿ ಹಿಂದಿನಿಂದ ಮಾಲಕಿ ಎದ್ದ. ಅವನಿಗೆ ಸಿಟ್ಟು ಬಂದಂತಿರಲಿಲ್ಲ. ಅಳತೆ ಕೇಳುವ ಬಡಗಿಯ ದನಿಯಲ್ಲೇ ಕೇಳಿದ.

"ಬುಟ್ಟಿ ನಿಮ್ಮ ಕೈಲಿತ್ತಾ?"

"ಇತ್ತು."

"ನಮ್ಮ ಹೆಸರು ನೋಡಿದ್ರಾ?"

"ನೋಡಿದೆ."

"ನನ್ನದು?"

"ನೋಡಿದೆ ಮಾಲಕಿ."

ಅವನು ಇನ್ನೇನೋ ಕೇಳುತ್ತಾನೆಂದು ನಿಂತೇ ಇದ್ದೆ. ಅವನು ಕೇಳಲಿಲ್ಲ. ಕೋಟು ತೆಗೆದುಕೊಂಡು ಹೊರಗೆ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಹಿಂದಿನ ಮೇಜಿನವರೆಲ್ಲ ಎದ್ದರು. ಕೂಡಿಸಿಟ್ಟ ಮಾತುಗಳಲ್ಲಿ ನನಗೆ ಒಂದೂ ನೆನಪಾಗಲಿಲ್ಲ.

ಮಿಸೆಸ್ ಹೆಗಾರ್ಟಿ ಕೆಲಸದ ಪತ್ರ ಕೊಡಲಿಲ್ಲ. "ಬುಟ್ಟಿಗೆ ಕೈ ಹಾಕಿದವಳ ಹತ್ರಾನೇ ಕೇಳು," ಎಂದಳಂತೆ. ನಮಗೆ ತಿಂಗಳೊಳಗೆ ಮನೆ ಖಾಲಿ ಮಾಡಲು ಹೇಳಿದಳು.

ಮರುದಿನ ಬೆಳಿಗ್ಗೆ ನನ್ನ ಗಂಡ ಆಫೀಸಿಗೆ ಹೋಗದೆ ಟೈಪ್‌ರೈಟರು ತೆಗೆದರು. ನಾನು ಕೇಳಿರಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

"ಏನು ಕೆಲಸ ಅಂತ ಬರೀಲಿ?"

"ಮಗು ನೋಡ್ಕೊಳ್ಳೋದು."

"ಸುಳ್ಳು ಬರೆಯೋದಾ?"

"ಬರೋ ತಿಂಗಳಿಂದ ನಾನು ಡೇಕೇರಿನಲ್ಲಿ ಕೆಲಸಕ್ಕೆ ಹೋಗ್ತೀನಿ. ಆಗ ನಿಜ ಆಗುತ್ತೆ."

ಅವರು ಎರಡು ಬೆರಳಿನಲ್ಲಿ ಟಕಟಕ ಹೊಡೆದರು. ಒಂದು ತಪ್ಪಾಯಿತೆಂದು ಹಾಳೆ ಹರಿದು ಮತ್ತೆ ಹೊಡೆದರು. ಸಹಿ ಹಾಕುವಾಗ, "ಸ್ಟ್ಯಾಂಪಿಗೆ ಕ್ಯೂ ನಿಂತವನ ಸಹಿ ಇದು, ಸರಿಯಾಗಿ ಇಟ್ಕೋ ಅಂತ ಹೇಳು ಆ ಹುಡುಗಿಗೆ," ಎಂದರು.

ಡಿಂಪ್ನಾ ಹೋದಳು. ಮೇಲಿನ ಮುದುಕಿಗೆ ಹೊಸ ಮನೆಮಗಳು ನಾಲ್ಕೇ ದಿನದಲ್ಲಿ ಸಿಕ್ಕಳು. ನಾವು ಮೌಂಟನ್ ವ್ಯೂನಲ್ಲಿ ಒಂದು ಅಪಾರ್ಟ್‌ಮೆಂಟು ನೋಡಿಕೊಂಡೆವು. ಸಾಮಾನು ಕಟ್ಟುತ್ತಿದ್ದ ದಿನ ಬೆಳಿಗ್ಗೆ ಫೋನು ಬಂತು. ಡಿಂಪ್ನಾ, ಅವಳ ಮನೆಯಿಂದ.

"ವೇದಾ? ವೀಸಾ ಆಯ್ತು. ಆಫೀಸರಿಗೆ ನಿಮ್ಮ ಯಜಮಾನರ ಹೆಸರು ಓದೋಕೆ ಬರಲಿಲ್ಲ. ಮೂರು ಸಲ ಪ್ರಯತ್ನಪಟ್ಟು ಸ್ಟ್ಯಾಂಪು ಹೊಡೆದುಬಿಟ್ಟ."

"ಅಮ್ಮ?"

"ಇದಾಳೆ. ನನ್ನ ಗುರುತು ಹಿಡಿದ್ಲು. ತೆಳ್ಳಗಾಗಿದೀಯ ಅಂತ ಬೈದ್ಲು. ಇನ್ನೆಷ್ಟು ದಿನವೋ, ಇದು ಮುಗಿಯೋ ತನಕ ಇಲ್ಲೇ ಇರ್ತೀನಿ. ಆಮೇಲೆ ಬರ್ತೀನಿ."

ನಾನು ಗೋಡೆಗೊರಗಿ ನೆಲದ ಮೇಲೆ ಕೂತೆ. ಶೈಲಜಾ ಬಂದು "ಈಸ್ ಇಟ್ ಡಿಂಪಿ? ಈಸ್ ಇಟ್ ಡಿಂಪಿ?" ಎಂದು ಫೋನಿನ ವೈರು ಎಳೆಯುತ್ತಿದ್ದಳು.

"ಮಾಲಕಿ ಸಿಕ್ಕಿದ್ನಾ?" ಎಂದಳು ಡಿಂಪ್ನಾ.

"ಗ್ರೋಸರಿ ಅಂಗಡಿಯಲ್ಲಿ ಕಂಡ. ಮಾತಾಡಿಸಿದೆ. ನನ್ನ ಮುಖ ನೋಡಲಿಲ್ಲ."

ಅವಳು ಸಮಾಧಾನ ಹೇಳುತ್ತಾಳೆಂದು ನಾನು ಕಾದೆ.

"ನೋಡಬಾರದು," ಎಂದಳು. "ನನ್ನ ಮುಖಾನೂ ನೋಡಬಾರದು. ಬುಟ್ಟಿಯಿಂದ ನನ್ನದೊಂದು ತನ್ನಿ ಅಂತ ಹೇಳಿದವಳು ನಾನು."

ಹಿಂದಿನಿಂದ ಯಾರೋ ಕ್ಷೀಣವಾಗಿ ಕರೆದದ್ದು ನನಗೂ ಕೇಳಿಸಿತು.

"ಅಮ್ಮ ಕೂಗ್ತಿದಾಳೆ," ಎಂದು ಡಿಂಪ್ನಾ ಫೋನಿಟ್ಟಳು.